ಹಳದಿ ಕಾರು ಮತ್ತು ಹಟ್ಟಿಯ ಬೈರಾಸು

ನಮ್ಮ ಮನೆಯ ಕಾರು ಶೆಡ್ಡಿನ ಗೋಡೆಯಲ್ಲಿ ಒಂದು ಮೊಳೆ ಇದೆ. ಆ ಮೊಳೆಯಲ್ಲಿ ಒಂದು ಬೈರಾಸು ನೇತಾಡುತ್ತದೆ. ಬೈರಾಸು ಗೊತ್ತಲ್ಲ, ನಮ್ಮ ಕಡೆಯ ಅಂಗವಸ್ತ್ರ. ಮೈ ಒರೆಸಲಿಕ್ಕೂ ಆಯಿತು, ತಲೆಗೆ ಸುತ್ತಲಿಕ್ಕೂ ಆಯಿತು, ಬಸ್ಸಿನ ಕಿಟಕಿಯಿಂದ ಎಸೆದು ಸೀಟು ಹಿಡಿಯಲಿಕ್ಕೂ ಆಯಿತು. ಈ ಬೈರಾಸು ಮಾತ್ರ ಇದಾವುದಕ್ಕೂ ಅಲ್ಲ. ಒಂದು ಕಾಲದಲ್ಲಿ ಬಿಳಿ ಇತ್ತಂತೆ. ಕಳೆದ ಚಳಿಗಾಲದವರೆಗೆ ಅದರ ಬಣ್ಣ ಯಾವುದೆಂದು ಕೋರ್ಟಿನಲ್ಲಿ ಪ್ರಮಾಣ ಮಾಡಿಸಿ ಕೇಳಿದ್ದರೂ ನನಗೆ ಹೇಳಲಾಗುತ್ತಿರಲಿಲ್ಲ. ಹತ್ತಿರ ಹೋದರೆ ಎಣ್ಣೆ, ಬೇಯಿಸಿದ ಹುರುಳಿ, ಕೆಸರು ಎಲ್ಲ ಸೇರಿದ ಒಂದು ವಾಸನೆ ಬರುತ್ತಿತ್ತು. ಒಮ್ಮೆ ಊಟಕ್ಕೆ ಬಂದ ನೆಂಟರೊಬ್ಬರು ಕೈತೊಳೆದು ಅದಕ್ಕೆ ಒರೆಸಲು ಹೋದಾಗ ನಾನು ಹಾಕಿದ ಬೊಬ್ಬೆಗೆ, ಹಾವು ಕಂಡಿತೆಂದು ಅವರು ಒಂದೇ ನೆಗೆತಕ್ಕೆ ಜಗಲಿ ಏರಿದ್ದರು. ಆಮೇಲೆ ಅವರು ನಮ್ಮಲ್ಲಿಗೆ ಬಂದರೆ ತಮ್ಮ ಪಂಚೆಯ ಅಂಚಿಗೇ ಕೈ ಒರೆಸಿಕೊಳ್ಳುತ್ತಾರೆ.

ಈ ಬೈರಾಸಿನ ಕೆಳಗೆ ನನ್ನ ಕಾರು ನಿಲ್ಲುತ್ತದೆ. ಕಾರಿನ ವಿಷಯ ಹೇಳದೆ ಬೈರಾಸಿನ ವಿಷಯ ಹೇಳಲಾಗುವುದಿಲ್ಲ. ಕಾರಿನ ವಿಷಯ ಶುರುಮಾಡಿದರೆ ನಾನು ನಿಲ್ಲಿಸುವುದಿಲ್ಲ. ನಿಮಗೆ ಕೆಲಸವಿದ್ದರೆ ಈಗಲೇ ಎದ್ದು ಹೋಗಬಹುದು, ನಾನೇನೂ ತಪ್ಪು ತಿಳಿಯುವುದಿಲ್ಲ.

ಹಳದಿ ಬಣ್ಣ, ಎರಡೇ ಸೀಟು, ಮೇಲೆ ಮಾಡು, ಎಂದರೆ ಚಾವಣಿ, ಇಲ್ಲ. ಸ್ಪೋರ್ಟ್ಸ್ ಕಾರು ಎಂದ ಕೂಡಲೇ ಹಡಗಿನಲ್ಲಿ ಬಂದ ವಿದೇಶಿ ಮಾಲು ಎಂದುಕೊಳ್ಳಬೇಡಿ. ನಮ್ಮದೇ ಪಶ್ಚಿಮ ಕರಾವಳಿಯಲ್ಲಿ, ಗೋವೆಯ ಕಡೆ, ಯಾರೋ ಕಾರಿನ ಹುಚ್ಚು ಹಿಡಿದವರು ಫೈಬರಿನಲ್ಲಿ ಮೈ ಮಾಡಿ, ಒಳಗೆ ಒಂದು ಸಾಧು ಎಂಜಿನು ಇಟ್ಟು, ಕೆಲವೇ ಕೆಲವು ತಯಾರಿಸಿದ ಕಾರು. ಎದುರಿನ ದೀಪದ ಹತ್ತಿರ ಹೊರಟ ಗೆರೆ ಬಾಗಿಲಿನ ಮೇಲೆ ಸ್ವಲ್ಪ ತಗ್ಗಿ, ಹಿಂದಿನ ಚಕ್ರದ ಹತ್ತಿರ ಮೆಲ್ಲನೆ ಏಳುತ್ತದೆ. ಆ ಗೆರೆ ಎಳೆದ ಕೈಗೆ ನಾನು ಎಷ್ಟೋ ಸಲ ಮನಸ್ಸಿನಲ್ಲೇ ನಮಸ್ಕಾರ ಮಾಡಿದ್ದೇನೆ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದು ಅದನ್ನು ಒಮ್ಮೆ ಸುಮ್ಮನೆ ನೋಡಿ, ಮತ್ತೆ ಚಾ ಕುಡಿಯುವುದು ನನ್ನ ದಿನಚರಿ. ದೇವರ ಕೋಣೆಗೆ ಹೋಗುವುದು ಅದರ ನಂತರ ಎಂದು ಇವರ ದೂರು.

ಇವರು ಎಂದರೆ ನನ್ನ ಗಂಡ, ಬ್ಯಾಂಕಿನಿಂದ ನಿವೃತ್ತರು, ಬಿಸಿಲಿನಲ್ಲೂ ಕೊಡೆ ಬಿಡದವರು. ನಾನು ವಕೀಲೆ. ಮನೆ ಮೂಡುಬಿದಿರೆಯಲ್ಲಿ, ಕೇಸುಗಳು ಬಂಟ್ವಾಳ ಮತ್ತು ಬೆಳ್ತಂಗಡಿಯ ಕೋರ್ಟುಗಳಲ್ಲಿ. ಬೆಳ್ತಂಗಡಿಯ ಒಂದು ಪಾಲುಪಟ್ಟಿಯ ಕೇಸಿನಲ್ಲಿ ಜಾಗ ನೋಡಲು ಹೋದಾಗ, ಅಂಗಳದ ಮೂಲೆಯಲ್ಲಿ ಟರ್ಪಾಲಿನ ಅಡಿಯಿಂದ ಒಂದು ಹಳದಿ ಮೂತಿ ಹೊರಗೆ ಇಣುಕುತ್ತಿತ್ತು. ಅಣ್ಣತಮ್ಮಂದಿರು ಬಾವಿಗಾಗಿ ಜಗಳಾಡುತ್ತಿದ್ದರು, ದಾರಿಗಾಗಿ ಜಗಳಾಡುತ್ತಿದ್ದರು. ಈ ಕಾರು ಮಾತ್ರ ಯಾರಿಗೂ ಬೇಡ. ಅದು ಗಲ್ಫಿನಲ್ಲಿದ್ದ ಮೂರನೆಯ ತಮ್ಮನದ್ದು. ಕೇಸು ರಾಜಿಯಲ್ಲಿ ಮುಗಿದ ಮೇಲೆ ಅವರು ಊರಿಗೆ ಬಂದಾಗ, ನಾನು ಕಾರನ್ನು ನೋಡುವ ರೀತಿ ನೋಡಿ, "ಮೇಡಂ, ನೀವೇ ಕೊಂಡುಹೋಗಿ, ನನ್ನ ಹತ್ತಿರ ಇದ್ದರೆ ಇದು ಕೋಳಿಗೂಡು ಆಗ್ತದೆ" ಎಂದರು. ಹಾಗೆ ಅದು ಮನೆಗೆ ಬಂತು. ಇವರು ಅದಕ್ಕೆ ಒಂದು ಸುತ್ತು ಬಂದು, ಮೇಲೆ ನೋಡಿ, "ಇದಕ್ಕೆ ಮಾಡು ಎಲ್ಲಿ ಮಾರಾಯ್ತಿ?" ಎಂದು ಕೇಳಿದರು.

ಪ್ರಶ್ನೆ ಸರಿಯೇ. ವರ್ಷದಲ್ಲಿ ಅರ್ಧ ಕಾಲ ಮಳೆ ಹೊಯ್ಯುವ ಊರಿನಲ್ಲಿ ಮಾಡಿಲ್ಲದ ಕಾರು ಇಡುವುದು ವಿವೇಕಿಗಳ ಲಕ್ಷಣವಲ್ಲ. ಕ್ಯಾನ್ವಾಸಿನದ್ದೊಂದು ಹೊದಿಕೆ ಇದೆ, ಆದರೆ ಅದನ್ನು ಕಟ್ಟಲು ಇಬ್ಬರು ಬೇಕು, ಇಬ್ಬರು ಸೇರುವವರೆಗೆ ಮಳೆ ಕಾಯುವುದಿಲ್ಲ. ಹಾಗಾಗಿ ನನ್ನ ಕಾರಿನದ್ದು ಯಕ್ಷಗಾನ ಮೇಳದ ಕ್ರಮ. ದೀಪಾವಳಿ ಕಳೆದ ಮೇಲೆ ಹೊರಡುತ್ತದೆ, ಮಳೆಗಾಲಕ್ಕೆ ಮೊದಲು, ಪತ್ತನಾಜೆಯ ದಿನ, ಗೆಜ್ಜೆ ಬಿಚ್ಚಿ ಶೆಡ್ಡು ಸೇರುತ್ತದೆ. ಆದರೂ ಒಮ್ಮೆ ಸಿಕ್ಕಿಬಿದ್ದೆ. ಬಂಟ್ವಾಳದಲ್ಲಿ ಕೆಲಸ ಮುಗಿಸಿ ಬೆಳ್ತಂಗಡಿಗೆ ಹೋಗುತ್ತಿದ್ದೆ, ಬೇಸಗೆಯ ಮಧ್ಯಾಹ್ನ, ಪುಂಜಾಲಕಟ್ಟೆಯಲ್ಲಿ ಇದ್ದಕ್ಕಿದ್ದಂತೆ ಗುಡುಗು, ಹಿಂದೆಯೇ ಮಳೆ. ಕರಿಕೋಟು, ಬಿಳಿ ಬ್ಯಾಂಡು, ಸೀರೆ ಎಲ್ಲ ಒದ್ದೆಯಾಗಿ ಚಂಡಿ. ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ಕೊಡೆ. ರಿಕ್ಷಾ ಪಾರ್ಕಿನವರು ಓಡಿ ಬಂದು ಕಾರನ್ನು ಒಂದು ಅಂಗಡಿಯ ಇಳಿಮಾಡಿನ ಅಡಿಗೆ ದೂಡಿದರು. "ವಕೀಲ್ರೇ, ಇವತ್ತು ದೋಣಿ ತಂದಿದ್ದೀರಾ?" ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಒಳಗಿನ ನೀರನ್ನು ಚಾದ ಗ್ಲಾಸಿನಲ್ಲಿ ಮೊಗೆದು ಹಾಕಿದರು. ನಕ್ಕರು, ನಿಜ. ಆದರೆ ದೂಡುವಾಗ ಅವರ ಕೈ ಆ ಹಳದಿ ಮೈ ಮೇಲೆ ಎಷ್ಟು ಮೆತ್ತಗೆ ಇತ್ತೆಂದು ನಾನು ನೋಡಿದ್ದೇನೆ.

ಇವರು ಆ ಕಾರಿನಲ್ಲಿ ಕುಳಿತದ್ದು ಒಂದೇ ಸಲ. ಮೂಡುಬಿದಿರೆಯಿಂದ ಬಂಟ್ವಾಳಕ್ಕೆ. ತಲೆಗೆ ಗಾಳಿ ತಾಗಿದರೆ ನೆಗಡಿ ಎಂದು, ಸುಡುವ ಬೇಸಗೆಯಲ್ಲಿ ಕಣ್ಣು ಮೂಗು ಮಾತ್ರ ಕಾಣುವ ಹಾಗೆ ಉಲ್ಲನಿನ ಮಂಗನ ಟೊಪ್ಪಿ ಹಾಕಿ ಕುಳಿತರು. ಸಿದ್ದಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಶಾಲೆಯ ಹೆಣ್ಣುಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಅವತ್ತೇ ಕೊನೆ. "ಬಸ್ಸಿನಲ್ಲಾದ್ರೆ ಮಾಡು ಉಂಟು" ಎಂದು ಹೇಳಿ ಅವರು ಬಸ್ಸು ಹಿಡಿದರು, ಮಂಗನ ಟೊಪ್ಪಿ ಕಪಾಟಿನ ಅಡಿಗೆ ಹೋಯಿತು. ಕಾರನ್ನು ಅವರು ಬೈಯುವುದಿಲ್ಲ, ಮುಟ್ಟುವುದೂ ಇಲ್ಲ. ಮನೆಯಲ್ಲಿ ಹೆಂಡತಿಯ ತವರಿನವರು ಬಂದು ಕುಳಿತಿದ್ದಾರೆ ಎಂಬ ಮರ್ಯಾದೆಯಲ್ಲಿ ಅದರ ಬದಿಯಿಂದ ಹಾದುಹೋಗುತ್ತಾರೆ.

ಹೀಗಿರುವಾಗ ಕಳೆದ ಚಳಿಗಾಲದಲ್ಲಿ ಒಂದು ಕರೆ ಬಂತು. ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರದ್ದೊಂದು ಗುಂಪು ಇದೆ, ಫೋನಿನಲ್ಲೇ ಪರಿಚಯ. ಅವರು ಕೊಯಮತ್ತೂರಿನ ಕಡೆ ಒಂದು ರೇಸ್ ಟ್ರ್ಯಾಕನ್ನು ಇಡೀ ದಿನಕ್ಕೆ ಗೊತ್ತುಮಾಡಿದ್ದರು. ಸ್ಪರ್ಧೆ ಇಲ್ಲ, ಬಹುಮಾನ ಇಲ್ಲ. ಎದುರಿನಿಂದ ಎಕ್ಸ್‌ಪ್ರೆಸ್ ಬಸ್ಸು ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಹಂಪು ಇಲ್ಲ, ಹೊಂಡ ಇಲ್ಲ. ನಿಮ್ಮ ಕಾರಿನಲ್ಲಿ ಎಷ್ಟು ಓಟ ಇದೆಯೋ ಅಷ್ಟನ್ನೂ ಓಡಿಸಿ ನೋಡಿ ಎಂದರು. ಬಂಟ್ವಾಳದ ದಾರಿಯಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವಳಿಗೆ ಇದು ಸ್ವರ್ಗದ ವರ್ಣನೆಯ ಹಾಗೆ ಕೇಳಿಸಿತು. "ಕಾರು ತರ್ತೀರಲ್ಲ?" ಎಂದು ಕೇಳಿದರು. "ಯೋಚಿಸಿ ಹೇಳ್ತೇನೆ" ಎಂದೆ.

ಯೋಚಿಸಿದೆ. ಹೋಗಬೇಕು ಎಂದು ವಾದಿಸಿದೆ, ಹೋಗಬಾರದು ಎಂದೂ ನಾನೇ ವಾದಿಸಿದೆ. ಎರಡೂ ಕಡೆಯ ವಕೀಲೆ ಒಬ್ಬಳೇ ಆದರೆ ಕೇಸು ಮುಗಿಯುವುದುಂಟೇ? ಓಡಲೆಂದೇ ಹುಟ್ಟಿದ ಕಾರು, ಒಮ್ಮೆಯಾದರೂ ಓಡದಿದ್ದರೆ ಹೇಗೆ ಎಂದು ಒಬ್ಬಳು. ಫೈಬರಿನ ಮೈ, ಒಂದು ಕಡೆ ಒಡೆದರೆ ಬೇರೆ ಸಿಕ್ಕುವುದಿಲ್ಲ, ಗೇರಿನ ಒಂದು ಹಲ್ಲು ಹೋದರೆ ದೇಶವಿಡೀ ಹುಡುಕಬೇಕು ಎಂದು ಇನ್ನೊಬ್ಬಳು. ಗುಂಪಿನವರು ಕೇಳಿದಾಗಲೆಲ್ಲ ವಾಯಿದೆ ತೆಗೆದುಕೊಂಡೆ. ಬೇರೆಯವರ ಕೇಸಿಗೆ ವಾಯಿದೆ ಕೇಳಿದವರನ್ನು ಕಂಡರೆ ಉರಿಯುವ ನಾನು, ನನ್ನ ಕೇಸಿಗೆ ಸೊಗಸಾದ ಕಾರಣಗಳನ್ನು ಹುಡುಕಿ ಕೊಡುತ್ತಿದ್ದೆ.

ನಿಮಗೆ ನಿಜ ಹೇಳಿಬಿಡುತ್ತೇನೆ. ನನಗಿದ್ದ ಹೆದರಿಕೆ ಕಾರು ಒಡೆದೀತು ಎಂದಲ್ಲವೇ ಅಲ್ಲ. ನಮ್ಮ ದಾರಿಗಳಲ್ಲಿ ಅದು ಹೋಗುವಾಗ, ಮೂರನೆಯ ಗೇರಿನಲ್ಲಿ ಗುಡ್ಡ ಏರುವಾಗ ಆ ಎಂಜಿನಿನ ದನಿ ಕೇಳಿದರೆ, ದಾರಿ ಬಿಟ್ಟುಕೊಟ್ಟರೆ ಇದು ಎಲ್ಲಿಗೆ ಹಾರಿಹೋದೀತೋ ಎಂದು ಎದೆ ತುಂಬಿ ಬರುತ್ತಿತ್ತು. ದಾರಿ ಯಾರೂ ಬಿಟ್ಟುಕೊಡಲಿಲ್ಲವಾದ್ದರಿಂದ ಆ ಅಭಿಮಾನ ಹಾಗೇ ಉಳಿದಿತ್ತು. ಟ್ರ್ಯಾಕಿನಲ್ಲಿ ದಾರಿ ಬಿಟ್ಟುಕೊಡುತ್ತಾರೆ. ಅಲ್ಲಿ ಉಳಿದ ಕಾರುಗಳೆಲ್ಲ ಇದರ ಬದಿಯಿಂದ ಹಾದುಹೋದರೆ? ಚಂದದ ಅಂಗಿ ತೊಟ್ಟ ಒಂದು ಸಾಮಾನ್ಯ ಕಾರು ಇದು ಎಂದು ನನಗೇ ಗೊತ್ತಾದರೆ? ಮರುದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದಾಗ ನಾನು ಅದನ್ನು ಯಾವ ಮುಖದಲ್ಲಿ ನೋಡಲಿ?

ತೀರ್ಮಾನವಾಗದ್ದನ್ನು ಮಾವನ ಹತ್ತಿರ ಕೊಂಡುಹೋಗುವುದು ನಮ್ಮ ಪದ್ಧತಿ. ನಮ್ಮದು ಮನೆತನ ತಾಯಿಯ ಕಡೆಯಿಂದ ಸಾಗುವ ಅಳಿಯಕಟ್ಟಿನ ಜೈನರ ಮನೆ. ತಾಯಿಯ ಅಣ್ಣನ ಮಾತು ಎಂದರೆ ಹೈಕೋರ್ಟು. ನೇಮಿರಾಜ ಮಾವನ ಮನೆ ಮಡಂತ್ಯಾರಿನಿಂದ ಸ್ವಲ್ಪ ಒಳಗೆ. ಎಂಬತ್ತು ದಾಟಿದೆ, ಮನೆ ತುಂಬ ಮಕ್ಕಳು ಮೊಮ್ಮಕ್ಕಳು, ಕಿವಿ ತಮಗೆ ಬೇಕಾದದ್ದಕ್ಕೆ ಸರಿಯಾಗಿ ಕೇಳುತ್ತದೆ. ಅವರು ಒಂದು ಕಾಲದಲ್ಲಿ ಕಂಬಳದ ಕೋಣ ಸಾಕಿದವರು.

ಕೋಣ ಸಾಕುವುದೆಂದರೆ ಸುಮ್ಮನೆಯಲ್ಲ. ನನ್ನ ಬಾಲ್ಯದಲ್ಲಿ ಆ ಮನೆಯ ಚಾವಡಿಗೆ ಫ್ಯಾನು ಬರುವ ಮೊದಲು ಕೋಣ ಕಟ್ಟುವ ಹಟ್ಟಿಗೆ ಫ್ಯಾನು ಬಂದಿತ್ತು. ಸೆಕೆಗೆ ನಿದ್ದೆ ಬಾರದ ಮಧ್ಯಾಹ್ನ ನಾವು ಮಕ್ಕಳು ಹಟ್ಟಿಗೆ ಹೋಗಿ ಕೋಣಗಳ ಗಾಳಿಯಲ್ಲಿ ಪಾಲು ಕೇಳುತ್ತಿದ್ದೆವು. ದೊಡ್ಡ ಹಂಡೆಯಲ್ಲಿ ಹುರುಳಿ ಬೇಯುತ್ತಿತ್ತು. ನಮಗೆ ತಲೆಗೆ ಎಣ್ಣೆ ವಾರಕ್ಕೊಮ್ಮೆ, ಕೋಣಗಳಿಗೆ ಮೈತುಂಬ ದಿನಾ. "ಮುಂದಿನ ಜನ್ಮದಲ್ಲಿ ಈ ಮನೆಯ ಸೊಸೆ ಆಗುವುದು ಬೇಡ, ಕೋಣ ಆದರೆ ಸಾಕು" ಎಂದು ಅತ್ತೆ ಹೇಳುತ್ತಿದ್ದರು. ಆ ಕೋಣಗಳಲ್ಲಿ ಸೋಮ ಎಂಬವನಿದ್ದ. ನೀರಿನಿಂದ ಎದ್ದು ಬಂದರೆ ಕಪ್ಪು ಮೈಯಲ್ಲಿ ಆಕಾಶ ಕಾಣುತ್ತಿತ್ತು. ಮಾವ ಅವನ ಮುಂದೆ ಕೈಕಟ್ಟಿ ನಿಂತು ನೋಡುವುದನ್ನು ಕಂಡೇ ನಾನು ಚಂದದ ವಸ್ತುವನ್ನು ನೋಡುವ ಕ್ರಮ ಕಲಿತದ್ದು.

ಕಂಬಳದ ದಿನ ನಮ್ಮನ್ನು ಜೀಪಿನ ಬಾನೆಟ್ಟಿನ ಮೇಲೆ ಕುಳ್ಳಿರಿಸುತ್ತಿದ್ದರು. ಅಲ್ಲಿಂದ ಮಂಜೊಟ್ಟಿ ಕಾಣುತ್ತಿತ್ತು. ಕೆಸರಿನ ಓಟದ ದಾರಿ ಮುಗಿಯುವಲ್ಲಿ ಏರಿಸಿದ ಮಣ್ಣಿನ ದಿಬ್ಬಕ್ಕೆ ಮಂಜೊಟ್ಟಿ ಎನ್ನುತ್ತೇವೆ. ಓಡಿ ಬಂದ ಕೋಣಗಳು ಅದನ್ನೇರಿ ನಿಲ್ಲುತ್ತವೆ. ಕೋಣದ ಯಜಮಾನರು ತಾವು ಓಡಿಸುವುದಿಲ್ಲ, ಓಡಿಸುವವರು ಬೇರೆ. ಮಾವನ ಕ್ರಮ ಏನೆಂದರೆ, ಹೆಗಲಲ್ಲಿ ಬೈರಾಸು ಹಾಕಿ ಮಂಜೊಟ್ಟಿಯಲ್ಲಿ ಕಾಯುವುದು. ಕೋಣಗಳು ಏರಿ ಬಂದ ಕೂಡಲೇ ಬೈರಾಸಿನ ಒಂದು ತುದಿಯಿಂದ ಅವುಗಳ ಮುಖದ ಕೆಸರು ಒರೆಸುವುದು, ಇನ್ನೊಂದು ತುದಿಯಿಂದ ಓಡಿಸಿದವನ ಮುಖ ಒರೆಸುವುದು. ಅದಾದ ಮೇಲೆಯೇ ಗೆದ್ದದ್ದು ಯಾರು ಎಂದು ಕೇಳುವುದು.

ಶೆಡ್ಡಿನಲ್ಲಿರುವುದು ಆ ಬೈರಾಸೇ. ನಾನು ಕಾರನ್ನು ಮೊದಲ ಸಲ ತೋರಿಸಲು ಕೊಂಡುಹೋದ ದಿನ, ಹಟ್ಟಿಯಲ್ಲಿ ಕೋಣಗಳಿಲ್ಲದೆ ವರ್ಷಗಳೇ ಆಗಿದ್ದವು. ಮಾವ ಕಾರಿಗೆ ಸುತ್ತು ಬಂದರು, ಬಾನೆಟ್ಟು ಎತ್ತಿಸಿ ಹಲ್ಲು ನೋಡುವವರ ಹಾಗೆ ಒಳಗೆ ನೋಡಿದರು, ಬೆನ್ನು ತಟ್ಟಿದರು. ಆಮೇಲೆ ಹಟ್ಟಿಗೆ ಹೋಗಿ ಬೈರಾಸು ತಂದು ನನ್ನ ಕೈಯಲ್ಲಿಟ್ಟರು. "ಇಟ್ಕೋ. ತೊಳೆಯಬೇಡ, ಇದರಲ್ಲಿ ಸೋಮ ಇದ್ದಾನೆ" ಎಂದರು. ಗೀರು ಬಿದ್ದೀತೆಂದು ನಾನು ಅದರಿಂದ ಕಾರನ್ನು ಒಮ್ಮೆಯೂ ಒರೆಸಿಲ್ಲ. ಮೊಳೆಗೆ ಹಾಕಿ ಕಾಪಾಡಿದೆ.

ಈ ಸಲ ಹೋದಾಗ ಮಾವ ಹಟ್ಟಿಯ ಎದುರಿನ ಬೆಂಚಿನಲ್ಲಿ ಕುಳಿತಿದ್ದರು. ಒಳಗೆ ಎರಡು ದನ, ಮೇಲೆ ಅದೇ ಹಳೆಯ ಫ್ಯಾನು ತಿರುಗುತ್ತಿತ್ತು. ವಿಷಯ ಹೇಳಿದೆ.

"ಓಡ್ತದಾ ಅದು?" ಎಂದು ಕೇಳಿದರು.

"ಓಡ್ತದೆ ಮಾವ."

"ಎಷ್ಟು ಓಡ್ತದೆ?"

"ಅದೇ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಹೆದರಿಕೆಯಾ, ಗೊತ್ತಾಗ್ತದೆ ಅಂತ ಹೆದರಿಕೆಯಾ?"

ಇಷ್ಟು ವರ್ಷ ಪಾಟೀಸವಾಲು ಮಾಡಿ ತಿಂದವಳು ನಾನು. ಈಗ ಕಟಕಟೆಯ ಸಾಕ್ಷಿಯ ಹಾಗೆ ತಿರುಗುವ ಫ್ಯಾನು ನೋಡಿದೆ. ಮಾವ ನಕ್ಕರು. "ಸೋಮನನ್ನು ಒಂದು ಸಲ ನಾನು ಕಂಬಳಕ್ಕೆ ಬಿಡ್ಲಿಲ್ಲ, ನಿನಗೆ ನೆನಪುಂಟಾ ವಿಮಲಾ?"

ಸ್ವಲ್ಪ ನೆನಪಿತ್ತು. ಹಿಂದಿನ ವರ್ಷ ಸೋಮ ಗೆದ್ದು ಬಂದಿದ್ದ. ಈ ಸಲ ಕಾಲಿಗೆ ಏನಾದರೂ ಆದರೆ ಎಂದು ಮಾವ ಅವನನ್ನು ಹಟ್ಟಿಯಲ್ಲೇ ನಿಲ್ಲಿಸಿದರು. ಬೇರೆಯವರ ಕೋಣಗಳು ವಾದ್ಯದೊಂದಿಗೆ ದಾರಿಯಲ್ಲಿ ಹೋಗುವಾಗ ಸೋಮ ಕಿವಿ ನಿಮಿರಿಸಿ ನಿಂತನಂತೆ, ಹುರುಳಿ ಮುಟ್ಟಲಿಲ್ಲವಂತೆ. ಮಾವನಿಗೆ ತಡೆಯಲಾಗದೆ ಮುಂದಿನ ಕಂಬಳಕ್ಕೇ ಕೊಂಡುಹೋದರಂತೆ. ಮನೆಯಲ್ಲಿ ಎಲ್ಲರೂ ಹೇಳುವ ಕಥೆ.

"ಆ ತೀರ್ಪು ಈ ಕೇಸಿಗೆ ಬರುವುದಿಲ್ಲ ಮಾವ" ಎಂದೆ. "ಸೋಮನಿಗೆ ಜೀವ ಇತ್ತು. ಅವನು ಹುರುಳಿ ಬಿಟ್ಟು ಕೇಳಿದ. ನನ್ನ ಕಾರು ಎಂತ ಕೇಳ್ತದೆ? ಅದಕ್ಕೆ ಪೆಟ್ರೋಲು ಹಾಕಿದರೆ ಸುಮ್ಮನೆ ಕುಡೀತದೆ."

ಮಾವ ಹಟ್ಟಿಯ ಒಳಗೆ ಯಾರಾದರೂ ಇದ್ದಾರೋ ಎಂದು ಒಮ್ಮೆ ನೋಡಿದರು. "ಸೋಮ ಹುರುಳಿ ಚೆಂದಕ್ಕೆ ತಿಂದಿದ್ದ ಮಗಾ. ಊಟ ಬಿಟ್ಟದ್ದು ನಾನು. ಯಜಮಾನನಿಗೆ ಕೋಣದ ಚಿಂತೆಯಲ್ಲಿ ಅನ್ನ ಸೇರುವುದಿಲ್ಲ ಅಂತ ಹೇಳಿದ್ರೆ ಊರು ನಗ್ತದೆ. ಹಾಗೆ ಸೋಮನ ಹೆಸರು ಹೇಳಿದ್ದು."

"ಮತ್ತೆ ಆ ಕಂಬಳದಲ್ಲಿ ಗೆದ್ದನಲ್ಲ?"

"ಎಲ್ಲಿ! ಮೊದಲನೇ ಓಟದಲ್ಲೇ ಹಿಂದೆ ಬಿದ್ದ."

"ಬೇಜಾರಾಗ್ಲಿಲ್ವಾ ಮಾವ?"

"ಆಯ್ತು, ಆಗದೆ ಇರ್ತದಾ? ಆದ್ರೆ ಅವನು ಮಂಜೊಟ್ಟಿ ಹತ್ತಿ ಬಂದು ನನ್ನ ಎದೆಗೆ ಮೂತಿ ತಾಗಿಸಿ ದೊಡ್ಡ ಉಸಿರು ಬಿಟ್ಟ. ಮುಖ ಒರೆಸಿದೆ. ಕೆಸರು ಹೋದ ಮೇಲೆ ನೋಡಿದ್ರೆ ಅದೇ ಸೋಮ. ಗೆದ್ದ ವರ್ಷ ಯಾವ ಮುಖ ಇತ್ತೋ ಅದೇ ಮುಖ." ಆಮೇಲೆ ಕೇಳಿದರು: "ಓಡಿಸುವುದು ಯಾರು?"

"ನಾನೇ."

"ಯಜಮಾನಿಯೂ ನೀನೇ ಅಲ್ವಾ? ಹಾಗಾದ್ರೆ ಮಂಜೊಟ್ಟಿಯಲ್ಲಿ ನಿಲ್ಲುವುದು ಯಾರು?"

ಇದನ್ನು ನಾನು ಯೋಚಿಸಿರಲಿಲ್ಲ. ಮಾವ ಎದ್ದು ನಿಂತರು. ಅವರು ಎದ್ದರೆ ಕಲಾಪ ಮುಗಿಯಿತೆಂದು ಅರ್ಥ. "ಓಡಿ ಬಂದವರ ಮುಖ ಒರೆಸಲಿಕ್ಕೆ ಒಬ್ಬರು ಬೇಕು. ಜನ ಇದ್ರೆ ಹೋಗು. ಇಲ್ಲದಿದ್ರೆ ಸುಮ್ಮನೆ ಮನೆಯಲ್ಲಿರು" ಎಂದರು.

ಹೈಕೋರ್ಟು ಷರತ್ತು ಹಾಕಿ ಆದೇಶ ಕೊಟ್ಟಿತ್ತು. ಮನೆಗೆ ಬಂದು, ಹೊತ್ತು ಮುಳುಗುವ ಮೊದಲಿನ ನಮ್ಮ ಜೈನರ ಊಟಕ್ಕೆ ಕುಳಿತಾಗ ಇವರಿಗೆ ಎಲ್ಲವನ್ನೂ ಹೇಳಿದೆ, ಸೋಮನ ಹುರುಳಿಯ ಗುಟ್ಟು ಸಹಿತ. ಇವರು ಸಾರು ಸುರಿದುಕೊಂಡು, "ಆ ಟ್ರ್ಯಾಕಿನ ಹತ್ತಿರ ನೆರಳುಂಟಂತಾ?" ಎಂದು ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ, "ಅಲ್ಲಿ ಸಂಜೆಯ ಊಟ ಹೊತ್ತು ಮುಳುಗುವ ಮೊದಲು ಸಿಗ್ತದಂತಾ?" ಎಂದರು. ನನಗೆ ಕೋಪ ಬಂತು. ಕುಚೋದ್ಯಕ್ಕೂ ಒಂದು ಹೊತ್ತುಗೊತ್ತು ಬೇಡವೇ? "ಗೊತ್ತಿಲ್ಲ" ಎಂದು ಎದ್ದು ಕೈತೊಳೆದೆ. ಆ ಗುಂಪಿನಲ್ಲಿ ನನ್ನ ಕಾರಿನ ಮುಖ ಒರೆಸುವ ನಂಟು ಯಾರಿಗಿದೆ? ಕೊಡೆ ಬಿಡದ ಗಂಡನನ್ನು ಕೇಳುವ ಧೈರ್ಯ ನನಗೂ ಇರಲಿಲ್ಲ. ಕೇಳಿ, ಅವರು ಇಲ್ಲ ಎಂದರೆ, ಆಮೇಲೆ ಇಬ್ಬರಿಗೂ ಕಷ್ಟ. ‘ಈ ಸಲ ಆಗುವುದಿಲ್ಲ’ ಎಂದು ಫೋನಿನಲ್ಲಿ ಬರೆದಿಟ್ಟೆ. ಬೆಳಿಗ್ಗೆ ಕಳುಹಿಸಿದರಾಯಿತು ಎಂದು ಅಲ್ಲಿಗೂ ಒಂದು ವಾಯಿದೆ.

ಮರುದಿನ ಭಾನುವಾರ. ಎಂದಿನಂತೆ ಶೆಡ್ಡಿನ ಬಾಗಿಲು ತೆರೆದೆ. ಕಾರು ಇತ್ತು, ಮೊಳೆ ಇತ್ತು, ಬೈರಾಸು ಇರಲಿಲ್ಲ. ಕಾರಿನ ಅಡಿಯಲ್ಲಿ ನೋಡಿದೆ, ಸೀಟಿನ ಹಿಂದೆ ನೋಡಿದೆ. ನಾಯಿ ಎಳೆದುಕೊಂಡು ಹೋಯಿತೋ, ಕೆಲಸದವಳು ಬಿಸಾಡಿದಳೋ ಎಂದು ಮನೆಯ ಹಿಂದಕ್ಕೆ ಓಡಿದೆ.

ಬಟ್ಟೆ ಒಣಗಿಸುವ ಹಗ್ಗದಲ್ಲಿ ಅದು ಇತ್ತು. ಬೆಳ್ಳಗೆ. ಅದು ನಿಜಕ್ಕೂ ಬಿಳಿ ಬೈರಾಸು ಎಂದು ಕಣ್ಣಾರೆ ಕಂಡದ್ದು ಅವತ್ತೇ. ಅಂಚಿನಲ್ಲಿ ಒಂದು ಕೆಂಪು ಗೆರೆ ಕೂಡ ಇತ್ತು. ಮೂಗಿಗೆ ಹಿಡಿದೆ. ಎಣ್ಣೆ ಇಲ್ಲ, ಹುರುಳಿ ಇಲ್ಲ, ಸೋಮ ಇಲ್ಲ. ಸಾಬೂನಿನ ಪರಿಮಳ. ಇವರು ಹಗ್ಗದ ಆ ತುದಿಯಲ್ಲಿ ಕ್ಲಿಪ್ಪು ಸಿಕ್ಕಿಸುತ್ತಿದ್ದರು.

"ನೀವಾ ತೊಳೆದದ್ದು?" ಎಂದು ಕೇಳಿದೆ. "ತೊಳೆಯಬಾರದು ಅಂತ ಮಾವ ಹೇಳಿದ್ದು ನಿಮಗೆ ಗೊತ್ತಿಲ್ವಾ?"

ಇವರಿಗೆ ಆಗ ನೆನಪಾದಂತೆ ಕಂಡಿತು. ಮುಖ ಸಣ್ಣದಾಯಿತು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ತಪ್ಪು ಸಿಕ್ಕಿಬಿದ್ದ ಶಾಲೆಯ ಹುಡುಗನ ದನಿಯಲ್ಲಿ ಹೇಳಿದರು: "ಅಲ್ಲ, ಅಲ್ಲಿ ಹೊರಗಿನ ಜನ ಎಲ್ಲ ಇರ್ತಾರೆ. ಅಷ್ಟು ಕೊಳಕು ಬೈರಾಸು ಹಿಡ್ಕೊಂಡು ನಾನು ನಿಲ್ಲುವುದು ಹೇಗೆ?"

ಬೈಯಲೆಂದು ಹತ್ತಿರ ಹೋದೆ. ಅವರ ಕೈ ಕ್ಲಿಪ್ಪು ಸಿಕ್ಕಿಸುತ್ತಿದ್ದುದು ಯಾವುದಕ್ಕೆ ಎಂದು ಆಗ ನೋಡಿದೆ. ಹಗ್ಗದ ಕೊನೆಯಲ್ಲಿ, ನೀರು ಇಳಿಯುತ್ತಾ, ಮಂಗನ ಟೊಪ್ಪಿ ನೇತಾಡುತ್ತಿತ್ತು.

ಒಳಗೆ ಹೋಗಿ ಫೋನಿನಲ್ಲಿ ಬರೆದಿಟ್ಟದ್ದನ್ನು ಅಳಿಸಿ, ಕರೆ ಮಾಡಿದೆ. ಕಾರು ತರುತ್ತೇವೆ ಎಂದೆ. ಎಷ್ಟು ಜನ ಓಡಿಸುವವರು ಎಂದು ಕೇಳಿದರು. ಓಡಿಸುವವಳು ನಾನೊಬ್ಬಳೇ, ಇವರು ಮಂಜೊಟ್ಟಿಯಲ್ಲಿ ನಿಲ್ಲುತ್ತಾರೆ ಎಂದೆ. ಮಂಜೊಟ್ಟಿ ಎಂದರೆ ಏನು ಎಂದು ಆ ಕಡೆಯವರು ಕೇಳಿದರು. ಹೇಳುತ್ತಾ ಕುಳಿತೆ. ಕಿಟಕಿಯ ಹೊರಗೆ ಇವರು ಒದ್ದೆ ಬೈರಾಸನ್ನು ಹೆಗಲಿಗೆ ಹಾಕಿ, ಸರಿಯಾಗಿ ಬೀಳುತ್ತದೋ ಎಂದು ನೋಡಿಕೊಳ್ಳುತ್ತಿದ್ದರು.